ಹೊಸ ಬೈಕಿಗೆ ಮೊದಲು ಏನು ಹಾಕಿಸಲಿ?

ಪ್ರಶ್ನೆ: ನಮ್ಮ ಮನೆ ಸಿದ್ದಾಪುರದ ಹತ್ತಿರ, ಕಾಫಿ ತೋಟದೊಳಗಿದೆ. ಕಳೆದ ತಿಂಗಳು 350 ಸಿಸಿಯ ಹೊಸ ಬೈಕ್ ತೆಗೆದುಕೊಂಡೆ. ಸ್ಪೋಕ್ ಚಕ್ರ, ಟ್ಯೂಬ್ ಇರುವ ಟಯರ್. ದಿನಾ ಚೆಟ್ಟಳ್ಳಿ ಮಾರ್ಗವಾಗಿ ಮಡಿಕೇರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುತ್ತೇನೆ. ಟಾರು ರಸ್ತೆ ಸೇರುವ ತನಕ ಒಂದು ಕಿಲೋಮೀಟರಿಗೂ ಹೆಚ್ಚು ತೋಟದ ಮಣ್ಣು ದಾರಿ. ಭಾನುವಾರ ಹೆಂಡತಿಯೊಂದಿಗೆ ಅಮ್ಮತ್ತಿ ಮೇಲಾಗಿ ವಿರಾಜಪೇಟೆಗೆ ಹೋಗುವುದಿರುತ್ತದೆ. 25,000 ರೂಪಾಯಿ ತೆಗೆದಿಟ್ಟಿದ್ದೇನೆ. ಸ್ನೇಹಿತರು ಸೈಲೆನ್ಸರ್ ಬದಲಿಸು, ಹಿಂದಕ್ಕೆ ದಪ್ಪ ಟಯರ್ ಹಾಕಿಸು, ಎಲ್‌ಇಡಿ ದೀಪ ಕೂರಿಸು ಎನ್ನುತ್ತಾರೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಸ್ಪ್ಯಾನರಿನಿಂದ ಶುರು ಮಾಡಿ, ಹಣ ಆಮೇಲೆ ತೆಗೆಯಿರಿ. ಸ್ನೇಹಿತರು ಹೇಳಿದ ಮೂರರಲ್ಲಿ ಒಂದು ನಿಮಗೆ ನಿಜವಾಗಿ ಬೇಕು, ಒಂದು ಸದ್ಯಕ್ಕೆ ಬೇಡ, ಇನ್ನೊಂದು ಎಂದಿಗೂ ಬೇಡ. ಅದನ್ನು ಹೇಳುವುದಕ್ಕೆ ಮುಂಚೆ, ಕಾಸು ಖರ್ಚಿಲ್ಲದೆ ಆಗುವ ಕೆಲಸಗಳನ್ನು ಮುಗಿಸೋಣ. ಹೆಚ್ಚಿನವರು ಬಿಟ್ಟುಬಿಡುವುದು ಇವುಗಳನ್ನೇ.

ಷೋರೂಮಿನಿಂದ ಬರುವ ಬೈಕ್ ಯಾರ ಅಳತೆಗೂ ಸರಿಯಾಗಿ ಹೊಂದಿಸಿದ್ದಲ್ಲ. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳು ಎಷ್ಟು ಮೇಲಿರಬೇಕು, ಗೇರ್ ಪೆಡಲ್ ಯಾವ ಎತ್ತರದಲ್ಲಿರಬೇಕು, ಹಿಂದಿನ ಶಾಕ್ (ಶಾಕ್ ಅಬ್ಸಾರ್ಬರ್) ಎಷ್ಟು ಬಿಗಿಯಿರಬೇಕು ಎಂಬುದೆಲ್ಲ ಸವಾರನನ್ನು ನೋಡಿ ನಿರ್ಧಾರವಾಗಬೇಕು. ಸಿದ್ದಾಪುರದಿಂದ ಮಡಿಕೇರಿಗೆ ಹತ್ತುವಾಗ ಎಷ್ಟು ಸಲ ಗೇರ್ ಬದಲಿಸುತ್ತೀರಿ, ಎಷ್ಟು ತಿರುವುಗಳಲ್ಲಿ ಬ್ರೇಕ್ ಮುಟ್ಟುತ್ತೀರಿ ಎಂದು ಯೋಚಿಸಿ. ಪ್ರತಿ ಸಲವೂ ಮಣಿಕಟ್ಟು ಮೇಲಕ್ಕೆ ಬಾಗಿಯೇ ಲಿವರ್ ಹಿಡಿಯಬೇಕಾದರೆ ತಿಂಗಳೊಳಗೆ ಕೈ ನೋವು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ತುರ್ತು ಹೊತ್ತಿನಲ್ಲಿ ಬೆರಳು ಬ್ರೇಕ್ ಮೇಲೆ ಬೀಳುವುದು ಒಂದು ಕ್ಷಣ ತಡವಾಗುತ್ತದೆ.

ಕೆಲಸ ಹೀಗೆ ಮಾಡಿ. ಬೈಕನ್ನು ಸಮ ನೆಲದಲ್ಲಿ ನಡು ಸ್ಟ್ಯಾಂಡಿಗೆ ಹಾಕಿ, ದಿನಾ ಕೂರುವ ಹಾಗೆಯೇ ಕೂತು, ಕಣ್ಣು ಮುಚ್ಚಿ ಎರಡೂ ಕೈಗಳನ್ನು ಹ್ಯಾಂಡಲಿನ ಮೇಲಿಡಿ. ಬೆರಳುಗಳನ್ನು ಮುಂದಕ್ಕೆ ಚಾಚಿದಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ನೇರ ಗೆರೆಯಂತಿರಬೇಕು, ಆ ಗೆರೆಯ ಮೇಲೆಯೇ ಲಿವರ್ ಸಿಗಬೇಕು. ಸಿಗದಿದ್ದರೆ ಲಿವರಿನ ಕ್ಲ್ಯಾಂಪ್ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ, ಲಿವರನ್ನು ತುಸು ಕೆಳಕ್ಕೋ ಮೇಲಕ್ಕೋ ತಿರುಗಿಸಿ ಮತ್ತೆ ಬಿಗಿ ಮಾಡಿ. ಹೆಚ್ಚಿನ ಬೈಕುಗಳಲ್ಲಿ ಲಿವರ್ ಬೇಕಾದುದಕ್ಕಿಂತ ಮೇಲಿರುತ್ತದೆ. ಬಿಗಿ ಮಾಡುವಾಗ ವಿಪರೀತ ಬಲ ಹಾಕಬೇಡಿ. ಬೈಕ್ ಬಿದ್ದರೆ ಕ್ಲ್ಯಾಂಪ್ ಸ್ವಲ್ಪ ತಿರುಗಿಕೊಳ್ಳುವಷ್ಟು ಅವಕಾಶವಿದ್ದರೆ ಲಿವರ್ ತುಂಡಾಗದೆ ಉಳಿಯುವ ಸಾಧ್ಯತೆ ಹೆಚ್ಚು.

ಗೇರ್ ಪೆಡಲನ್ನು ಹೊಂದಿಸುವಾಗ ನೀವು ನಿಜವಾಗಿ ಹಾಕಿಕೊಳ್ಳುವ ಪಾದರಕ್ಷೆಯಲ್ಲೇ ಕೂರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀವು ಗಮ್‌ಬೂಟ್ ಹಾಕಿಕೊಂಡೇ ಓಡಾಡುವವರಾದರೆ, ಚಪ್ಪಲಿಯಲ್ಲಿ ಸರಿಯೆನಿಸಿದ ಎತ್ತರ ಗಮ್‌ಬೂಟಿಗೆ ಸಾಲುವುದಿಲ್ಲ. ದಪ್ಪ ರಬ್ಬರಿನ ಮೂತಿ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲಕ್ಕೆ ಒಮ್ಮೆ, ಬೇಸಿಗೆಗೆ ಒಮ್ಮೆ ಹೊಂದಿಸಿಕೊಳ್ಳುವುದು ಐದು ನಿಮಿಷದ ಕೆಲಸ.

ಇನ್ನು ಹಿಂದಿನ ಶಾಕ್‌ಗಳು. ಟೂಲ್ ಕಿಟ್ಟಿನಲ್ಲಿ ಕೊಕ್ಕೆಯಾಕಾರದ ಒಂದು ಸ್ಪ್ಯಾನರ್ ಇರುತ್ತದೆ, ಶಾಕಿನ ಮೆಟ್ಟಿಲು ಮೆಟ್ಟಿಲಾದ ಉಂಗುರವನ್ನು ತಿರುಗಿಸಿ ಸ್ಪ್ರಿಂಗಿನ ಬಿಗಿ ಬದಲಿಸುವುದು ಅದರಿಂದಲೇ. ಎಷ್ಟೋ ಮನೆಗಳಲ್ಲಿ ಅದು ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದದ್ದೇ ಇಲ್ಲ. ಒಬ್ಬರೇ ಹೋಗುವಾಗ ಶಾಕ್ ಒಂದು ಮೆಟ್ಟಿಲಿನಲ್ಲಿರಲಿ, ಭಾನುವಾರ ಇಬ್ಬರು ಕೂತಾಗ ಒಂದೆರಡು ಮೆಟ್ಟಿಲು ಏರಿಸಿ, ಎರಡೂ ಬದಿಯಲ್ಲಿ ಸಮನಾಗಿ. ಏರಿಸದಿದ್ದರೆ ಬೈಕಿನ ಹಿಂಭಾಗ ಕುಸಿದು ಮುಂಭಾಗ ಎದ್ದುಕೊಳ್ಳುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಹಗುರವಾಗುತ್ತದೆ, ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೂ ಸಿಲ್ವರ್ ಓಕ್ ಮರಗಳ ನೆತ್ತಿಗೂ ಹೋಗುತ್ತದೆ. ಬೆಳಕು ಸಾಲದು ಎಂದು ದೂರುವ ಅನೇಕರ ಬೈಕಿನಲ್ಲಿ ಬಲ್ಬಿಗೆ ಏನೂ ಆಗಿರುವುದಿಲ್ಲ, ದೀಪ ಆಕಾಶ ನೋಡುತ್ತಿರುತ್ತದೆ ಅಷ್ಟೆ. ಸಂಜೆ ಹೊತ್ತು ಮನೆಯ ಗೋಡೆಗೆ ಎದುರಾಗಿ ಏಳೆಂಟು ಮೀಟರ್ ದೂರದಲ್ಲಿ ಬೈಕ್ ನಿಲ್ಲಿಸಿ, ಸವಾರಿಯ ಭಾರದೊಂದಿಗೆ ಕೂತು, ಡಿಮ್ ದೀಪ ನೋಡಿ. ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗಿರಬೇಕು. ಇಲ್ಲದಿದ್ದರೆ ದೀಪದ ಬುಡದ ಸ್ಕ್ರೂ ತಿರುಗಿಸಿ ಇಳಿಸಿಕೊಳ್ಳಿ.

ಇಷ್ಟು ಮಾಡಿ ಮೊದಲ ಸರ್ವಿಸ್ ಆಗುವ ತನಕ ಓಡಿಸಿ. ಆ ಅವಧಿಯಲ್ಲಿ ಎಂಜಿನ್ನಿಗೆ ಕೈ ಹಚ್ಚಬೇಡಿ. ಹೊಸ ಟಯರಿನ ಮೇಲ್ಮೈ ನುಣುಪಾಗಿರುತ್ತದೆ, ಆರಂಭದ ನೂರಿನ್ನೂರು ಕಿಲೋಮೀಟರ್ ಒದ್ದೆ ತಿರುವುಗಳಲ್ಲಿ ನಿಧಾನವಿರಲಿ. ಈ ದಿನಗಳಲ್ಲೇ ನಿಮಗೆ ಏನು ಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಬೆನ್ನು ನೋಯುತ್ತದೆಯೇ, ತೋಟದ ದಾರಿಯಲ್ಲಿ ಎಂಜಿನ್ನಿನ ಅಡಿ ಕಲ್ಲಿಗೆ ತಾಗುತ್ತದೆಯೇ, ರಾತ್ರಿ ತಿರುವಿನ ಒಳಬದಿ ಕಾಣುತ್ತದೆಯೇ ಎಂದು ನೋಡಿಕೊಳ್ಳಿ.

ಈಗ 25,000 ರೂಪಾಯಿಗೆ ಬರೋಣ. ಇದರ ಮೊದಲ ಪಾಲು ಬೈಕಿಗೆ ಹೋಗಬಾರದು. ಷೋರೂಮಿನಲ್ಲಿ ಕೊಟ್ಟ ಹೆಲ್ಮೆಟನ್ನೇ ಹಾಕಿಕೊಳ್ಳುತ್ತಿದ್ದರೆ, ಐಎಸ್‌ಐ ಗುರುತಿರುವ, ಮುಖ ಪೂರ್ತಿ ಮುಚ್ಚುವ, ನಿಮ್ಮ ತಲೆಗೆ ಬಿಗಿಯಾಗಿ ಕೂರುವ ಒಳ್ಳೆಯ ಹೆಲ್ಮೆಟ್ ಕೊಳ್ಳಿ, ನಿಮಗೊಂದು, ಮನೆಯವರಿಗೊಂದು. ಅದರ ವೈಸರಿಗೆ ಮಂಜು ಹಿಡಿಯದ ಒಳಪದರ ಹಾಕಿಸಲು ಆಗುವಂತಿರಲಿ. ಚೆಟ್ಟಳ್ಳಿ ದಾಟಿ ಮಡಿಕೇರಿ ಕಡೆ ಹತ್ತುವಾಗ ಹೊರಗಿನ ಮಂಜಿಗಿಂತ ಹೆಚ್ಚು ತೊಂದರೆ ಕೊಡುವುದು ನಿಮ್ಮದೇ ಉಸಿರು ವೈಸರಿನ ಒಳಗೆ ಕಟ್ಟುವ ಮಬ್ಬು. ಅದನ್ನು ಒರೆಸಲು ಒಂದು ಕೈ ಬಿಡುವವರನ್ನು, ವೈಸರ್ ಎತ್ತಿ ಕಣ್ಣಿಗೆ ಮಳೆ ಹೊಡೆಸಿಕೊಳ್ಳುವವರನ್ನು ದಿನಾ ನೋಡುತ್ತೇವೆ. ಒದ್ದೆಯಾದರೂ ಜಾರದ ಕೈಗವಸು, ಒಳ್ಳೆಯ ಮಳೆಯಂಗಿ ಇದೇ ಲೆಕ್ಕಕ್ಕೆ ಸೇರಲಿ.

ಬೈಕಿಗೆ ಹಾಕಿಸುವುದರಲ್ಲಿ ನಾನು ಮೊದಲು ಹೇಳುವುದು ಎಂಜಿನ್ನಿನ ಅಡಿಗೆ ತಟ್ಟೆಯಂತೆ ಕೂರುವ ಸಂಪ್ ಗಾರ್ಡ್. ಟಾರು ರಸ್ತೆಯಲ್ಲೇ ಓಡಾಡುವ ಊರಿನವರಿಗೆ ಇದು ಅಗತ್ಯವಿಲ್ಲ. ತೋಟದ ದಾರಿಯ ಕಥೆ ಬೇರೆ. ಮಳೆ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಿ ಕಲ್ಲುಗಳ ಮೂತಿ ಎದ್ದಿರುತ್ತದೆ, ಜೀಪ್ ಮತ್ತು ಟ್ರ್ಯಾಕ್ಟರಿನ ಚಕ್ರ ಹರಿದ ಎರಡು ಗುಂಡಿ ಸಾಲುಗಳ ನಡುವೆ ದಿಬ್ಬವಿರುತ್ತದೆ, ಅಡ್ಡ ಚರಂಡಿ ದಾಟುವಾಗ ಬೈಕಿನ ಹೊಟ್ಟೆ ತಗಲುತ್ತದೆ. ಎಂಜಿನ್ ಕೇಸಿಗೆ ಬಿರುಕು ಬಿಟ್ಟು ಆಯಿಲ್ ಸೋರಿದರೆ ಆ ರಿಪೇರಿಯ ಖರ್ಚಿನಲ್ಲಿ ಹಲವು ಗಾರ್ಡ್ ಬರುತ್ತವೆ. ಕೊಳ್ಳುವಾಗ ಮೂರು ಸಂಗತಿ ನೋಡಿ. ಅದು ಬೈಕಿನ ಚೌಕಟ್ಟಿಗೆ, ಮೂಲ ಬೋಲ್ಟ್ ಜಾಗಗಳಿಗೆ ಕೂರಬೇಕು, ವೆಲ್ಡಿಂಗ್ ಕೇಳಬಾರದು. ಆಯಿಲ್ ಬದಲಿಸುವ ಬೋಲ್ಟಿನ ನೇರಕ್ಕೆ ರಂಧ್ರವಿರಬೇಕು. ಒಳಗೆ ಸೇರಿದ ಕೆಸರು, ಎಲೆ ತೊಳೆದು ಹೋಗಲು ದಾರಿಯಿರಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೈಪು ಹಿಡಿದು ಅಲ್ಲಿಗೆ ನೀರು ಹೊಡೆಯುವುದನ್ನು ಮರೆಯಬೇಡಿ.

ಇದರ ಜೊತೆಗೆ ಲೆಗ್ ಗಾರ್ಡ್. ಕೆಸರಿನಲ್ಲಿ ಜಾರಿ ಬೀಳುವುದೆಲ್ಲ ಬಹುತೇಕ ನಿಧಾನದ ಬೀಳುವಿಕೆ, ಅಂಥಲ್ಲಿ ಅದು ಕಾಲನ್ನೂ ಗೇರ್ ಪೆಡಲನ್ನೂ ಉಳಿಸುತ್ತದೆ. ನಿಮ್ಮ ಮಾದರಿಗೆಂದೇ ಕಂಪನಿ ಮಾಡಿದ್ದನ್ನು ತೆಗೆದುಕೊಳ್ಳಿ. ತೀರ ಅಗಲವಾದದ್ದು ಕಾಫಿ ಗಿಡಗಳ ನಡುವಿನ ಇಕ್ಕಟ್ಟಿನಲ್ಲಿ ಕೊಂಬೆಗಳಿಗೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಮಡ್‌ಗಾರ್ಡಿನ ತುದಿಗೆ ಒಂದು ರಬ್ಬರ್ ಫ್ಲ್ಯಾಪ್ ಹಾಕಿಸಿದರೆ ಚಕ್ರ ಎರಚುವ ಕೆಂಪು ಕೆಸರು ಎಂಜಿನ್ನಿನ ಬಿಸಿ ಇಳಿಸುವ ರೆಕ್ಕೆಗಳ ಸಂದಿಗೆ ಹೋಗಿ ಗಟ್ಟಿಯಾಗುವುದು ತಪ್ಪುತ್ತದೆ. ಬಹಳ ಅಗ್ಗದ ವಸ್ತು, ಬಹಳ ಉಪಯೋಗದ್ದು.

ಅಷ್ಟೇ ಅಗ್ಗದ ಇನ್ನೊಂದು ಸೈಡ್ ಸ್ಟ್ಯಾಂಡಿನ ಪಾದ. ನಿಮ್ಮ ಅಂಗಳದ ಮಣ್ಣು ಜುಲೈ ಹೊತ್ತಿಗೆ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಸ್ಟ್ಯಾಂಡಿನ ಕಿರಿದಾದ ತುದಿ ಮೆಲ್ಲನೆ ಒಳಗಿಳಿಯುತ್ತದೆ. ನೀವು ಒಳಗೆ ಹೋಗಿ ಬಟ್ಟೆ ಬದಲಿಸುವಷ್ಟರಲ್ಲಿ ಬೈಕ್ ವಾಲಿ, ಹ್ಯಾಂಡಲ್ ನೆಲಕ್ಕೆ ಬಡಿದು, ಕ್ಲಚ್ ಲಿವರ್ ಮುರಿದಿರುತ್ತದೆ. ಅಂಗೈಯಗಲದ ಲೋಹದ ಪಾದವೊಂದನ್ನು ತುದಿಗೆ ಬಿಗಿಸಿದರೆ ಭಾರ ಹಂಚಿಹೋಗುತ್ತದೆ. ಅದರ ದಪ್ಪದಿಂದ ಬೈಕ್ ತೀರ ನೆಟ್ಟಗೆ ನಿಲ್ಲುವಂತಾಗಬಾರದು, ಸ್ಟ್ಯಾಂಡ್ ಮಡಿಸಿದಾಗ ಸೈಲೆನ್ಸರಿಗೂ ಚೈನಿಗೂ ತಾಗಬಾರದು. ಕೂರಿಸಿದ ಮೇಲೆ ಕೈಯಿಂದ ಮಡಿಸಿ ನೋಡಿಯೇ ಹೊರಡಿ.

ಸ್ನೇಹಿತರು ಹೇಳಿದವುಗಳಲ್ಲಿ ನಿಮಗೆ ನಿಜಕ್ಕೂ ಬೇಕಾದದ್ದು ದೀಪ, ಆದರೆ ಅವರು ಯೋಚಿಸಿರುವ ರೀತಿಯಲ್ಲಿ ಅಲ್ಲದಿರಬಹುದು. ಹೆಡ್‌ಲೈಟಿನ ಹ್ಯಾಲೋಜನ್ ಬಲ್ಬ್ ತೆಗೆದು ಆ ಜಾಗಕ್ಕೆ ಎಲ್‌ಇಡಿ ಬಲ್ಬ್ ತುರುಕುವುದು ಬೇಡ. ಒಳಗಿನ ಪ್ರತಿಫಲಕವನ್ನು ಹ್ಯಾಲೋಜನ್ ತಂತಿ ಇರುವ ಜಾಗದ ಲೆಕ್ಕದಲ್ಲಿ ರೂಪಿಸಿರುತ್ತಾರೆ. ಬೆಳಕಿನ ಮೂಲ ಕದಲಿದರೆ ಎಲ್ಲೆಡೆ ಚೆಲ್ಲಾಡಿ, ಬೇಕಾದಲ್ಲಿ ಕತ್ತಲೆ, ಬೇಡವಾದಲ್ಲಿ ಕಣ್ಣು ಕುಕ್ಕುವ ಬೆಳಕು ಆಗುತ್ತದೆ. ಹೆಡ್‌ಲೈಟ್ ಹಾಗೆಯೇ ಇರಲಿ. ಲೆಗ್ ಗಾರ್ಡಿನ ಮೇಲೆ, ಹೆಡ್‌ಲೈಟಿಗಿಂತ ಕೆಳಗೆ, ನೆಲದ ಕಡೆ ಬಾಗಿದಂತೆ ಒಂದು ಜೊತೆ ಸಣ್ಣ ಮಂಜಿನ ದೀಪ ಹಾಕಿಸಿ, ಪ್ರತ್ಯೇಕ ಸ್ವಿಚ್ಚಿನೊಂದಿಗೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತಾಗುವುದು ನಿಮಗೆ ತಿಳಿದದ್ದೇ. ಕೆಳಗಿನಿಂದ ಅಗಲವಾಗಿ ಬೀಳುವ ಬೆಳಕು ರಸ್ತೆಯಂಚನ್ನೂ ತಿರುವಿನ ಒಳಬದಿಯ ಚರಂಡಿಯನ್ನೂ ತೋರಿಸುತ್ತದೆ. ಹಳದಿಯೋ ಬಿಳಿಯೋ ಎಂಬ ವಾದ ಬಹಳ ನಡೆಯುತ್ತದೆ. ನನ್ನ ಮಟ್ಟಿಗೆ ಬಣ್ಣಕ್ಕಿಂತ ದೀಪ ಕೂರಿಸಿದ ಎತ್ತರ ಮತ್ತು ಬೆಳಕು ಹರಡುವ ಆಕಾರ ಮುಖ್ಯ.

ವೈರಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ತಲಾ 20 ವ್ಯಾಟಿನ ಎರಡು ದೀಪ ಎಂದರೆ 40 ವ್ಯಾಟ್, 12 ವೋಲ್ಟಿನಲ್ಲಿ ಸುಮಾರು ಮೂರೂಕಾಲು ಆಂಪಿಯರ್. ಇಷ್ಟು ಕರೆಂಟನ್ನು ಹೆಡ್‌ಲೈಟಿನ ವೈರಿಗೆ ಗಂಟು ಹಾಕಿ ಎಳೆಯಬಾರದು. ಬ್ಯಾಟರಿಯಿಂದ ನೇರ ವೈರ್, ಬ್ಯಾಟರಿಯ ಹತ್ತಿರವೇ ಐದು ಆಂಪಿಯರಿನ ಫ್ಯೂಸ್, ನಡುವೆ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹಾಯಿಸುವ ಉಪಕರಣ), ಕೀಲಿ ಆಫ್ ಮಾಡಿದರೆ ದೀಪವೂ ಆರುವಂಥ ಜೋಡಣೆ ಇರಬೇಕು. ಜೋಡಣೆಗಳಿಗೆ ಟೇಪ್ ಸುತ್ತಿ ಬಿಟ್ಟರೆ ನಮ್ಮ ಮಳೆಗೆ ಒಂದು ವರ್ಷವೂ ಬಾಳುವುದಿಲ್ಲ, ನೀರು ಸೇರದ ಕನೆಕ್ಟರ್ ಹಾಕಿಸಿ. ಕಂಪನಿಯ ಮೂಲ ವೈರನ್ನು ಕತ್ತರಿಸಲು ಬಿಡಬೇಡಿ. ಹಾಗೆ ಮಾಡಿದರೆ ವಿದ್ಯುತ್ ಭಾಗಗಳ ವಾರಂಟಿ ಕೈತಪ್ಪಬಹುದು.

ಸಿದ್ದಾಪುರ, ಚೆಟ್ಟಳ್ಳಿ ರಸ್ತೆಯಲ್ಲಿ ರಾತ್ರಿ ಬರುವವರಿಗೆ ಈ ಮಾತನ್ನೂ ಹೇಳಬೇಕು. ಕಾಡಾನೆ ಕಂಡರೆ ಈ ದೀಪಗಳನ್ನು ಅದರ ಮೇಲೆ ಹಾಯಿಸಬೇಡಿ. ದೂರದಲ್ಲೇ ನಿಲ್ಲಿಸಿ, ಡಿಮ್ ಮಾಡಿ, ಹಾರ್ನ್ ಮುಟ್ಟದೆ, ಹಿಂದಿರುಗಲು ದಾರಿ ನೋಡಿಕೊಂಡು ಕಾಯಿರಿ. ತಿರುವಿನಲ್ಲಿ ಹಠಾತ್ತನೆ ಎದುರಾದರೂ ನಿಲ್ಲಿಸುವಷ್ಟು ವೇಗದಲ್ಲಿ ಬರುವುದೊಂದೇ ಇದಕ್ಕೆ ಉಪಾಯ.

ಸೈಲೆನ್ಸರ್ ಬೇಡವೇ ಬೇಡ ಎನ್ನಲು ಇದೂ ಒಂದು ಕಾರಣ. ಆನೆಗಳು ತೋಟದೊಳಗೆ ನಿಂತಿರುವ ಹೊತ್ತಿನಲ್ಲಿ ಗುಡುಗುವ ಬೈಕ್ ಅವುಗಳನ್ನು ಕೆರಳಿಸುತ್ತದೆ. ಅದರ ಫಲ ಉಣ್ಣುವವರು ನಿಮ್ಮ ಹಿಂದೆ ನಡೆದು ಬರುವ ತೋಟದ ಕೆಲಸಗಾರರು. ಆ ಮನುಷ್ಯರನ್ನು ನೆನೆದಾದರೂ ಈ ಆಸೆ ಬಿಡಬೇಕು. ಯಂತ್ರದ ದೃಷ್ಟಿಯಿಂದಲೂ ಇದು ನಷ್ಟದ ವ್ಯಾಪಾರ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಬಿಎಸ್-6 (ಹೊಗೆ ಮಿತಿಯ ಮಾನದಂಡ) ಬೈಕುಗಳ ಹೊಗೆ ಕೊಳವೆಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ, ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಎಂಜಿನ್ನಿನ ಕಂಪ್ಯೂಟರ್ ಲೆಕ್ಕ ಹಾಕುವುದು ಆ ಇಡೀ ವ್ಯವಸ್ಥೆಯನ್ನು ನಂಬಿ. ಕೊಳವೆ ಬದಲಿಸಿದರೆ ಲೆಕ್ಕ ಕೆಡುತ್ತದೆ, ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಏರುದಾರಿಯಲ್ಲಿ ಮೂರನೇ ಗೇರಿನಲ್ಲಿ ನಿಧಾನವಾಗಿ ಎಳೆಯುವ ಶಕ್ತಿ ನಿಮ್ಮ ಬೈಕಿನ ದೊಡ್ಡ ಗುಣ. ಶಬ್ದ ಹೆಚ್ಚಿಸಿದ ಸೈಲೆನ್ಸರ್ ಕಿತ್ತುಕೊಳ್ಳುವುದು ಸಾಮಾನ್ಯವಾಗಿ ಅದನ್ನೇ.

ಕಾನೂನನ್ನೂ ಕೇಳಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅಂಥ ಪ್ರತಿಯೊಂದು ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡನ್ನೂ ಹಿಂಬದಿ ಸವಾರರ ಹಿಡಿಕೆಯನ್ನೂ ಅಂದಕ್ಕೆಂದು ಕೀಳಿಸುವವರಿದ್ದಾರೆ. ಅವು ನಿಯಮದಂತೆ ಇರಲೇಬೇಕಾದವು, ನಿಮ್ಮ ಮನೆಯವರ ಸೆರಗು ಅಥವಾ ದುಪಟ್ಟಾ ಸ್ಪೋಕಿಗೆ ಸಿಗದಂತೆ ಕಾಯುವುದು ಅವೇ.

ದಪ್ಪ ಟಯರ್ ಸದ್ಯಕ್ಕೆ ಬೇಡ. ರಿಮ್ಮಿನ ಅಗಲಕ್ಕೆ ಮೀರಿದ ಟಯರ್ ಹಾಕಿದರೆ ಅದರ ದುಂಡಗಿನ ಆಕಾರ ಹಿಂಡಿದಂತಾಗಿ, ತಿರುವಿನಲ್ಲಿ ಬೈಕ್ ವಾಲಿಸಿದಾಗ ನೆಲ ಮುಟ್ಟುವ ಭಾಗ ಬದಲಾಗುತ್ತದೆ. ಹ್ಯಾಂಡಲ್ ಭಾರವಾಗುತ್ತದೆ, ಚೈನಿಗೆ ತಾಗುವ ಭಯ ಬೇರೆ. ಈಗಿರುವ ಟಯರ್ ಸವೆಯುವ ತನಕ ಓಡಿಸಿ, ಬದಲಿಸುವಾಗ ಅದೇ ಅಳತೆಯಲ್ಲಿ, ಟಾರಿಗೂ ಮಣ್ಣಿಗೂ ಹೊಂದುವ ಗೀರಿನದನ್ನು ಆರಿಸಿ. ಕಾಡುದಾರಿಯವರು ಹಾಕುವ ದೊಡ್ಡ ಗುಬಟುಗಳ ಟಯರ್ ಕೆಸರಿನಲ್ಲಿ ಚೆನ್ನಾಗಿ ಕಚ್ಚುತ್ತದೆ, ಆದರೆ ಒದ್ದೆ ಟಾರಿನ ಮೇಲೆ ಅದರ ಹಿಡಿತ ಕಡಿಮೆ. ನಿಮ್ಮ ದಾರಿಯಲ್ಲಿ ಮಣ್ಣು ಒಂದು ಕಿಲೋಮೀಟರ್, ಉಳಿದದ್ದೆಲ್ಲ ಟಾರು. ಮರದ ನೆರಳಿನಲ್ಲಿ ಪಾಚಿ ಕಟ್ಟಿದ ತಿರುವು, ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರ್ ಬೀಳಿಸಿ ಹೋದ ಮಣ್ಣಿನ ಹೆಂಟೆ, ಉದುರಿದ ಎಲೆಯ ರಾಶಿ, ಇವುಗಳ ಮೇಲೆ ಯಾವ ಟಯರೂ ಪವಾಡ ಮಾಡುವುದಿಲ್ಲ. ಗಾಳಿಯ ಒತ್ತಡ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಎಂದು ವಾರಕ್ಕೊಮ್ಮೆ ನೋಡುವುದರಿಂದ ಸಿಗುವ ಹಿಡಿತ ಹೊಸ ಟಯರಿನಿಂದಲೂ ಸಿಗದು.

ಟ್ಯೂಬ್ ಮಾತ್ರ ನಿಮ್ಮ ಬೈಕಿನ ನಿಜವಾದ ಕೊರತೆ. ಟ್ಯೂಬ್‌ಲೆಸ್ ಟಯರಿಗೆ ಮೊಳೆ ಹೊಕ್ಕರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಚಕ್ರ ಬಿಚ್ಚದೆ ಬತ್ತಿ ತುರುಕಿ ಮನೆ ಸೇರಬಹುದು. ಟ್ಯೂಬ್ ಹಾಗಲ್ಲ, ಬೇಗನೆ ಖಾಲಿಯಾಗುತ್ತದೆ, ಚಕ್ರ ಬಿಚ್ಚಲೇಬೇಕು. ಮೊಬೈಲ್ ಸಿಗ್ನಲ್ ಇಲ್ಲದ ಕಡೆ, ಮಳೆಯಲ್ಲಿ, ಕತ್ತಲಲ್ಲಿ ಇದು ಸಣ್ಣ ಕಷ್ಟವಲ್ಲ. ನಿಮ್ಮ ಮಾದರಿಗೆ ಕಂಪನಿಯೇ ಟ್ಯೂಬ್‌ಲೆಸ್ ಟಯರ್ ಕೂರುವ ಅಲಾಯ್ ಚಕ್ರ ಮಾರುತ್ತಿದ್ದರೆ, ಮುಂದೊಮ್ಮೆ ಟಯರ್ ಬದಲಿಸುವ ಹೊತ್ತಿಗೆ ಅದಕ್ಕೆ ಹಣ ಕೂಡಿಸಿ. ದೊಡ್ಡ ಖರ್ಚುಗಳಲ್ಲಿ ನಾನು ಮನಸಾರೆ ಒಪ್ಪುವುದು ಇದೊಂದನ್ನು. ಅಲ್ಲಿಯವರೆಗೆ ಒಂದು ಹೆಚ್ಚುವರಿ ಟ್ಯೂಬ್, ಎರಡು ಟಯರ್ ಲಿವರ್, ಚಕ್ರದ ನಟ್ಟಿಗೆ ಹೊಂದುವ ಸ್ಪ್ಯಾನರ್, ಪುಟ್ಟ ಪಂಪ್ ಒಂದು ಚೀಲದಲ್ಲಿ ಬೈಕಿನೊಂದಿಗೇ ಇರಲಿ. ಒಂದು ಕ್ಲಚ್ ಕೇಬಲ್ಲೂ ಇರಲಿ. ಬಿಡುವಿನ ದಿನ ಮನೆಯಂಗಳದಲ್ಲಿ ಒಮ್ಮೆ ಚಕ್ರ ಬಿಚ್ಚಿ ಕೂರಿಸಿ ಅಭ್ಯಾಸ ಮಾಡಿಕೊಳ್ಳಿ.

ಚೈನಿನ ಬಗ್ಗೆ ಎರಡೇ ಮಾತು. ಮಳೆಗಾಲದಲ್ಲಿ 500 ಕಿಲೋಮೀಟರ್ ಆಗಲಿ ಎಂದು ಕಾಯಬೇಡಿ, ಜೋರು ಮಳೆಯಲ್ಲಿ ಬಂದ ದಿನ ಒರೆಸಿ ಆಯಿಲ್ ಹಾಕಿ. ಮತ್ತು ಒದ್ದೆ ಬೈಕಿಗೆ ಹೊದಿಕೆ ಹಾಕಬೇಡಿ. ತೇವ ಒಳಗೇ ಉಳಿದು ಸ್ಪೋಕ್, ಬೋಲ್ಟುಗಳಿಗೆ ತುಕ್ಕು ಹಿಡಿಯುತ್ತದೆ, ಗಾಳಿಯಾಡುವ ಕೊಟ್ಟಿಗೆಯಲ್ಲಿ ತೆರೆದಿಟ್ಟರೆ ಒಳ್ಳೆಯದು.

ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸುವ ಯೋಚನೆ ಬಂದರೆ, ಹಾಕಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ತುದಿಗೆ ಪೂರ್ತಿ ತಿರುಗಿಸಿ ನೋಡಿ. ಎಂಜಿನ್ನಿನ ವೇಗ ತಾನಾಗಿ ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ, ಹಾಗೆಯೇ ರಸ್ತೆಗೆ ಇಳಿಯಬೇಡಿ. ಮೊಬೈಲ್ ಹೋಲ್ಡರ್ ಹಾಕಿಸುವುದಾದರೆ ಕಂಪನ ಹೀರುವ ರಬ್ಬರ್ ಇರುವುದನ್ನೇ ಕೊಳ್ಳಿ, ದೊಡ್ಡ ಎಂಜಿನ್ನುಗಳ ನಡುಕಕ್ಕೆ ಫೋನಿನ ಕ್ಯಾಮೆರಾ ಕೆಡಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು.

ಹಾಕಿಸಿದ ಪ್ರತಿಯೊಂದರ ಬಿಲ್ ಜೋಪಾನ ಮಾಡಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ಸೇರಿಸಲು ಕೇಳಿ. ತಿಳಿಸದ ಬದಲಾವಣೆ ಕ್ಲೇಮಿನ ಹೊತ್ತಿಗೆ ತಕರಾರಿಗೆ ಕಾರಣವಾಗುತ್ತದೆ. ಗಾರ್ಡುಗಳನ್ನು ಹಾಕಿಸಿದ ಮೇಲಿನ ಮೊದಲ ಸರ್ವಿಸಿನ ದಿನ ಅವುಗಳ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿ, ಸ್ಪೋಕ್ ಸಡಿಲವಾಗಿದೆಯೇ ಎಂದು ಪರೀಕ್ಷಿಸಲು ಹೇಳಿ. ತೋಟದ ದಾರಿಯ ಕುಲುಕಾಟಕ್ಕೆ ಇವೆರಡೂ ಬೇಗ ಸಡಿಲಗೊಳ್ಳುತ್ತವೆ.

ಸೀಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಆಗುವ ಸಂಭವವಿದೆ. ಹೊಸ ಸೀಟಿನ ಸ್ಪಂಜು ಕೂತು ಹದಗೊಳ್ಳಲು ಸಾವಿರ ಕಿಲೋಮೀಟರಾದರೂ ಬೇಕು, ಅಲ್ಲಿಯವರೆಗೆ ಬದಲಿಸಬೇಡಿ. ಆಮೇಲೂ ನೋವಿದ್ದರೆ ಎಲ್ಲಿ ನೋಯುತ್ತದೆ, ಹೊರಟು ಎಷ್ಟು ಹೊತ್ತಿಗೆ ನೋವು ಶುರುವಾಗುತ್ತದೆ, ಹಿಂದೆ ಕೂತವರಿಗೂ ಹಾಗೆಯೇ ಆಗುತ್ತದೆಯೇ ಎಂದು ಬರೆದು ತಿಳಿಸಿ. ಸೀಟನ್ನು ಬದಲಿಸಬೇಕೋ, ಹ್ಯಾಂಡಲನ್ನು ಹೊಂದಿಸಿದರೆ ಸಾಕೋ ಎಂದು ಆಗ ಹೇಳುತ್ತೇನೆ.